ಕಾವೇರಿಯ ನಡುಗಡ್ಡೆಗಳಿಗೆ ಹಗುರ ಚೀಲದ ಪಯಣ

(ಮೈಸೂರಿನಲ್ಲಿ ನಡೆದ ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೆಲವು ದಿನಗಳ ಹಿಂದೆ ಕೊಡಗಿನ ನಮ್ಮ ಊರಿನ ಮೂವರು ವಿದ್ಯಾರ್ಥಿಗಳು ನನ್ನಲ್ಲಿಗೆ ಬಂದಿದ್ದರು. ಬೆನ್ನಿಗೊಂದು ಚೀಲ ಏರಿಸಿಕೊಂಡು, ಅಲ್ಪ ಖರ್ಚಿನಲ್ಲಿ, ಅಂಡಮಾನಿನ ದ್ವೀಪದಿಂದ ದ್ವೀಪಕ್ಕೆ ಸುತ್ತಬೇಕೆಂಬುದು ಅವರ ಹಂಬಲ. ಲೆಕ್ಕ ಹಾಕಿದಾಗ ಕೂಡಿಟ್ಟ ಹಣವು ಹೋಗಿಬರುವ ಟಿಕೆಟ್ಟಿಗೂ ಸಾಲದೆಂದು ತಿಳಿಯಿತು. ಆಗ ನಾನು ಕೇಳಿದೆ: "ನಮ್ಮ ಗದ್ದೆಯ ಬದಿಯ ತೋಡಿನ ನೀರು ಸಮುದ್ರ ಸೇರುವ ಮೊದಲು ಎಷ್ಟು ದ್ವೀಪಗಳನ್ನು ಬಳಸಿ ಹರಿಯುತ್ತದೆ, ಬಲ್ಲಿರಾ?" ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂದಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ.

ಉಷ್ಣವಲಯದ ದ್ವೀಪಗಳೆಂದರೆ ನೀಲಿ ಕಡಲು, ತೆಂಗಿನ ಸಾಲುಗಳಷ್ಟೇ ಅಲ್ಲ. ತಲಕಾವೇರಿಯಿಂದ ಇಳಿಯುವ ನಮ್ಮ ನದಿಯು ಬಂಡೆಗಳಿಗೆ ಸಿಲುಕಿ ಕವಲೊಡೆದು, ಮತ್ತೆ ಕೂಡುವಲ್ಲೆಲ್ಲ ನಡುಗಡ್ಡೆಗಳನ್ನು ಬಿಟ್ಟುಹೋಗಿದೆ. ಕುಶಾಲನಗರದ ಬಳಿ ತೂಗುಸೇತುವೆ ದಾಟಿ ತಲುಪುವ ಕಾವೇರಿ ನಿಸರ್ಗಧಾಮವು ಬಿದಿರು ಮೆಳೆಗಳ ಒಂದು ನಡುಗಡ್ಡೆ. ಮುಂದೆ ರಂಗನತಿಟ್ಟು, ಶ್ರೀರಂಗಪಟ್ಟಣ. ಆ ಬಳಿಕ ಶಿವನಸಮುದ್ರ. ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ಜನರು ಭಕ್ತಿಯಿಂದ ನೆನೆಯುವ ಶ್ರೀರಂಗಪಟ್ಟಣ, ಶಿವನಸಮುದ್ರ, ತಮಿಳುನಾಡಿನ ಶ್ರೀರಂಗ, ಈ ಮೂರೂ ಕಾವೇರಿಯ ದ್ವೀಪಗಳೇ. ಹಿರಿಯರು ಹಾಕಿಕೊಟ್ಟ ದ್ವೀಪಯಾತ್ರೆಯ ದಾರಿಯೊಂದು ನಮ್ಮಲ್ಲಿ ಮೊದಲೇ ಇತ್ತು.

ಈ ಪಯಣಕ್ಕೆ ಮೈಸೂರೇ ತಕ್ಕ ತಂಗುದಾಣ. ಕುಶಾಲನಗರವು ಮಡಿಕೇರಿ ರಸ್ತೆಯಲ್ಲಿಯೇ ಇದೆ. ಶ್ರೀರಂಗಪಟ್ಟಣಕ್ಕೆ ಸಾಮಾನ್ಯ ರೈಲಿನಲ್ಲಿ ಹೋಗಬಹುದು; ನಿಲ್ದಾಣವು ದ್ವೀಪದ ಮೇಲೆಯೇ ಇರುವುದರಿಂದ ಕೋಟೆ, ದೇವಾಲಯಗಳನ್ನು ನಡೆದೇ ನೋಡಬಹುದು. ರಂಗನತಿಟ್ಟು ಅಲ್ಲಿಂದ ಕೆಲವೇ ಕಿಲೋಮೀಟರು. ಶಿವನಸಮುದ್ರಕ್ಕೆ ಕೊಳ್ಳೇಗಾಲ ಅಥವಾ ಮಳವಳ್ಳಿಯ ಮೂಲಕ ಬಸ್ಸಿನಲ್ಲಿ ಹೋಗಬಹುದು. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ಟಿನ ಹೊರೆಯೂ ಇಲ್ಲವಾಗಿದೆ. ಶ್ರೀರಂಗಕ್ಕೆ ಹೋಗುವವರು ತಿರುಚಿರಾಪಳ್ಳಿಯ ರಾತ್ರಿ ರೈಲು ಹಿಡಿದರೆ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯುತ್ತದೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಟವೆಲು, ನೀರಿನ ಸ್ಟೀಲ್ ಬಾಟಲಿ, ಬುತ್ತಿ ಇದ್ದರೆ ಸಾಕು. ಒಂದು ಎಚ್ಚರಿಕೆ: ಎಲ್ಲಿಯೂ ಈಜಲು ಇಳಿಯಬೇಡಿರಿ. ಶಿವನಸಮುದ್ರದಲ್ಲಿ ಸುಳಿಗಳಿವೆ, ರಂಗನತಿಟ್ಟಿನಲ್ಲಿ ಮೊಸಳೆಗಳಿವೆ.

ಕಾಲವನ್ನೂ ಅರಿತು ಹೊರಡಬೇಕು. ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆ, ಚಮಚಕೊಕ್ಕು, ಹೆಜ್ಜಾರ್ಲೆಗಳು ಗೂಡುಕಟ್ಟಿ ಮರಿಮಾಡುವುದನ್ನು ಬೇಸಿಗೆಯಲ್ಲಿ ಕಾಣಬಹುದು. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿಗಳು ಮೈದುಂಬುವುದು ಮಳೆಗಾಲದಲ್ಲಿ. ಆಗ ಹೊಳೆಯಲ್ಲಿ ನೀರು ಹೆಚ್ಚಿದರೆ ರಂಗನತಿಟ್ಟಿನಲ್ಲಿ ದೋಣಿ ಬಿಡುವುದಿಲ್ಲ. ಎರಡನ್ನೂ ಒಂದೇ ಪಯಣದಲ್ಲಿ ಪೂರ್ಣವಾಗಿ ನೋಡುವೆನೆಂದು ಹೊರಟವರಿಗೆ ನಿರಾಸೆಯಾದೀತು.

ನಾನು ವಿದ್ಯಾರ್ಥಿಯಾಗಿದ್ದಾಗ ಹೀಗೆಯೇ ಇಬ್ಬರು ಗೆಳೆಯರೊಡನೆ, ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನದೊಡನೆ, ರಂಗನತಿಟ್ಟಿಗೆ ಹೋಗಿದ್ದೆ. ಹಿಂದಿನ ವಾರ ನಮ್ಮಲ್ಲಿ ಮಳೆ ಹೊಯ್ದಿತ್ತು. ದೋಣಿ ನಡೆಸುತ್ತಿದ್ದ ಹಿರಿಯರು ನಮ್ಮ ಊರನ್ನು ಕೇಳಿ ತಿಳಿದು, ಕೆಂಪಗೆ ಕದಡಿದ ನೀರನ್ನು ತೋರಿಸಿ ಹೇಳಿದರು: "ಇದು ನಿಮ್ಮ ಕಡೆಯ ಮಣ್ಣು ಕಣ್ರಪ್ಪಾ. ನಿಮ್ಮ ಮನೇಲಿ ಏನು ನಡೆದ್ರೂ ನಮಗೆ ಮೊದಲು ಗೊತ್ತಾಗೋದು ಇಲ್ಲೇ." ಮುಂದೆ ಮಣ್ಣನ್ನು ಕುರಿತು ವರ್ಷಗಟ್ಟಲೆ ಓದಿದೆ, ಆ ಮಾತನ್ನು ಮರೆಯಲಿಲ್ಲ.

ರಂಗನತಿಟ್ಟಿನ ಕಥೆಯನ್ನು ಇಲ್ಲಿ ಹೇಳಲೇಬೇಕು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಕಟ್ಟಿದ ಒಡ್ಡಿನಿಂದ ಈ ಕಿರುದ್ವೀಪಗಳು ರೂಪುಗೊಂಡವೆನ್ನುತ್ತಾರೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಗೌರವಗಳು ಬಂದವು, ಆದರೆ ಈ ದ್ವೀಪಗಳ ಆಯುಷ್ಯವು ಮಣ್ಣು ಮತ್ತು ನೀರಿನ ಲೆಕ್ಕದಲ್ಲಿದೆ.

ಹೊಳೆಯ ವೇಗ ತಗ್ಗಿದಲ್ಲಿ ಮೆಕ್ಕಲು ಕೂಡುತ್ತದೆ. ಬಿದಿರು, ಕೇದಗೆ, ಮತ್ತಿಯ ಬೇರುಗಳು ಅದನ್ನು ಹಿಡಿಯುತ್ತವೆ. ನಡುಗಡ್ಡೆ ಬೆಳೆಯುವ ಬಗೆ ಇದು. ಮೇಲ್ಗಡೆ ಅಣೆಕಟ್ಟೆ ಇದ್ದಾಗ ಹೊಸ ಮೆಕ್ಕಲಿನ ಬಹುಪಾಲು ಜಲಾಶಯದ ತಳದಲ್ಲಿಯೇ ನಿಲ್ಲುತ್ತದೆ. ಕೆಳಗಿನ ದ್ವೀಪಕ್ಕೆ ಸೇರುವ ಮಣ್ಣು ಕಡಿಮೆ, ಕೊಚ್ಚುವ ನೀರು ಹೆಚ್ಚು. ಕನ್ನಂಬಾಡಿ ಕಟ್ಟೆ ತುಂಬಿ ಬಾಗಿಲುಗಳನ್ನು ಒಮ್ಮೆಲೇ ತೆರೆಯಬೇಕಾದಾಗ ತಗ್ಗಿನ ಗೂಡುಗಳು ಮುಳುಗುತ್ತವೆ, ದಡ ಕುಸಿಯುತ್ತದೆ.

ಕಟ್ಟೆಯೊಂದನ್ನೇ ದೂಷಿಸಿ ನಾವು ಕೈತೊಳೆದುಕೊಳ್ಳಲಾಗದು. ಮಳೆನೀರು ನಿಧಾನವಾಗಿ ಇಳಿಯಬೇಕಾದರೆ ಬೆಟ್ಟದ ಮೇಲೆ ನೆರಳಿನ ಮರ, ನೆಲಕ್ಕೆ ತರಗೆಲೆ, ಕಣಿವೆಯಲ್ಲಿ ಬದು ಕಟ್ಟಿದ ಗದ್ದೆ ಇರಬೇಕು. ನೀರು ನಿಂತ ಭತ್ತದ ಗದ್ದೆಯು ಸಾವಿರಾರು ಸಣ್ಣ ಕೆರೆಗಳಿಗೆ ಸಮ. ಗದ್ದೆಯನ್ನು ಮಣ್ಣು ತುಂಬಿ ನಿವೇಶನ ಮಾಡಿದಾಗ, ಇಳಿಜಾರನ್ನು ಯಂತ್ರದಿಂದ ಕಡಿದು ತಂಗುಮನೆ ಎಬ್ಬಿಸಿದಾಗ ನೀರು ಧಾವಿಸಿ ಇಳಿಯುತ್ತದೆ. ಕಡಿದ ಇಳಿಜಾರು ಎಂತಹ ಅಪಾಯವೆಂಬುದನ್ನು 2018ರ ಆಗಸ್ಟ್‌ನ ಭೂಕುಸಿತಗಳಲ್ಲಿ ಕೊಡಗು ಕಂಡಿತು. ನೆರಳು ಕಡಿದು, ಗದ್ದೆ ಮಾರಿ ಹಣ ಮಾಡಿಕೊಂಡ ನಾವೇ ಆ ಹಣದಲ್ಲಿ ದೂರದ ದ್ವೀಪಗಳ ಹಸಿರು ನೋಡಲು ಹೋಗುವುದು ಎಂತಹ ವಿಪರ್ಯಾಸ! ಭತ್ತದಲ್ಲಿ ಲಾಭ ಕಡಿಮೆಯೆಂಬುದು ನನಗೂ ತಿಳಿದಿದೆ, ನಾನೂ ಬೆಳೆಗಾರನೇ. ಗದ್ದೆ ಉಳಿಸಿಕೊಂಡವನಿಗೆ ನೀರು ಹಿಡಿದಿಟ್ಟ ಸೇವೆಗಾಗಿ ಸಮಾಜವು ಬೆಲೆ ಕೊಡಬೇಕೆಂದು ನಾವು ಒಟ್ಟಾಗಿ ಕೇಳಬೇಕು.

ಆದುದರಿಂದ ವಿದ್ಯಾರ್ಥಿಗಳೇ, ಮೇಲಿನಿಂದ ಕೆಳಕ್ಕೆ ನದಿಯ ಜೊತೆಯಲ್ಲಿ ಹೊರಡಿರಿ. ಪ್ರತಿ ನಡುಗಡ್ಡೆಯಲ್ಲಿ ನೀರಿನ ಬಣ್ಣ, ದಡದ ಸ್ಥಿತಿ, ಬೇರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು ಇವುಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಅಲ್ಲಿನ ದೋಣಿಯವರನ್ನು, ಮೀನುಗಾರರನ್ನು ಕೇಳಿ ತಿಳಿಯಿರಿ. ಒಯ್ದ ಚೀಲದಿಂದ ಒಂದು ತುಣುಕು ಕಸವೂ ಅಲ್ಲಿ ಉಳಿಯದಿರಲಿ. ಮರಳಿದ ಮೇಲೆ ಊರಿನ ಗ್ರಾಮಸಭೆಯಲ್ಲಿ ಆ ಪುಸ್ತಕವನ್ನು ಓದಿ ಹೇಳಿರಿ. ನಮ್ಮೂರಿನ ಆ ಮೂವರು ಬರುವ ಬೇಸಿಗೆಗೆ ಹೊರಡಲು ಒಪ್ಪಿದ್ದಾರೆ. ಜೊತೆಗೂಡುವವರು ಸಭೆ ಮುಗಿದ ಮೇಲೆ ಅವರಲ್ಲಿ ಹೆಸರು ಕೊಡಬಹುದು.