ಬೇಟೆನಾಯಿಯೊಡನೆ ಬೇಸಿಗೆಯ ನಡಿಗೆ



ಉದ್ಯೋಗದಿಂದ ನಿವೃತ್ತನಾದವನನ್ನು ಮೊದಲು ಕಾಡುವುದು ಬಡತನವಲ್ಲ, ವ್ಯಾಧಿಯೂ ಅಲ್ಲ. ಬೆಳಗಿನ ಹತ್ತು ಗಂಟೆ. ಮೂವತ್ತು ಮೂವತ್ತೈದು ವರ್ಷಗಳ ಕಾಲ ಆ ಹೊತ್ತಿಗೆ ತಪ್ಪದೆ ಹೊರಟು ನಿಲ್ಲುತ್ತಿದ್ದ ಕಾಲುಗಳು ಒಂದು ದಿನ ಹೋಗಬೇಕಾದ ಸ್ಥಳವೇ ಇಲ್ಲದೆ ಜಗುಲಿಯ ಮೇಲೆ ಉಳಿದುಬಿಡುತ್ತವೆ. ಪತ್ರಿಕೆಯನ್ನು ಎರಡು ಸಲ ಓದಿಯಾಗುತ್ತದೆ. ಅಡಿಗೆಮನೆಯ ವ್ಯವಹಾರದಲ್ಲಿ ತಲೆಹಾಕಿ ಮನೆಯವರಿಂದ ಮಾತು ಕೇಳಿಯೂ ಆಗುತ್ತದೆ. ಈ ಬರಿದಾದ ಹೊತ್ತನ್ನು ತುಂಬುವುದಕ್ಕೆ ಹಿರಿಯರು ಅನೇಕ ಉಪಾಯಗಳನ್ನು ಹೇಳಿದ್ದಾರೆ. ಪಾರಾಯಣವುಂಟು, ತೀರ್ಥಯಾತ್ರೆಯುಂಟು, ತೋಟದ ಕೆಲಸವುಂಟು. ಇವುಗಳಲ್ಲಿ ಯಾವುದನ್ನೂ ನಾನು ಹಳಿಯುವವನಲ್ಲ. ನಾನು ಇಂದು ಅರಿಕೆ ಮಾಡಬೇಕೆಂದಿರುವುದು ಇವುಗಳಿಗಿಂತ ಸಣ್ಣದಾದ ಒಂದು ಉಪಾಯವನ್ನು: ಬೇಸಿಗೆಯ ಬೆಳಗ್ಗೆ ಒಂದೆರಡು ಬೇಟೆನಾಯಿಗಳನ್ನು ಜೊತೆಗಿಟ್ಟುಕೊಂಡು, ಯಾವ ಕಾರ್ಯದ ಆತುರವೂ ಇಲ್ಲದೆ, ಹೊಲಗಳ ನಡುವೆ ನಡೆದುಬರುವುದು.

ಬೇಟೆನಾಯಿಗೂ ನಿಧಾನಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿಯೊಡನೆ ಮೆಲ್ಲನೆ ನಡೆಯುವುದು ಹೇಗೆ? ನನ್ನ ಮಾತಿನ ತಿರುಳಿರುವುದು ಅಲ್ಲಿಯೇ. ವೇಗವುಳ್ಳದ್ದು ವೇಗವನ್ನು ಅಡಗಿಸಿಕೊಂಡು ನಡೆದಾಗ ಅದರಲ್ಲಿ ಒಂದು ಗಾಂಭೀರ್ಯವಿರುತ್ತದೆ. ಆ ಗಾಂಭೀರ್ಯವನ್ನು ಕಲಿಯುವುದೇ ನಿವೃತ್ತಿಯ ಮುಖ್ಯ ಪಾಠವೆಂದು ನನ್ನ ಭಾವನೆ.

ನಾನು ಭೂಮಾಪನೆಯ ಕೆಲಸದಲ್ಲಿ ಆಯುಷ್ಯವನ್ನು ಕಳೆದವನು. ೩೩ ಅಡಿಯ ಸರಪಳಿ. ಅದರ ಉದ್ದ ಅಗಲಗಳ ಒಂದು ಚೌಕಕ್ಕೆ ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ. ಈ ಲೆಕ್ಕದಲ್ಲಿ ಸಾವಿರಾರು ಹೊಲಗಳನ್ನು ತುಳಿದಿದ್ದೇನೆ. ಬಾಂದುಕಲ್ಲು ಎಲ್ಲಿದೆ, ಯಾರ ಬದು ಯಾರ ನೆಲವನ್ನು ನುಂಗಿದೆ, ಅಣ್ಣನ ಪಾಲೆಷ್ಟು, ತಮ್ಮನ ಪಾಲೆಷ್ಟು ಎಂಬುದೇ ಆಗಿನ ಚಿಂತೆ. ಹೊಲವೆಂದರೆ ನನಗೆ ಒಂದು ಸಂಖ್ಯೆಯಾಗಿತ್ತು. ವಿಶ್ರಾಂತಿ ಪಡೆದು, ಘಟಪ್ರಭೆಯ ಬಯಲಿನಲ್ಲಿ ಮುಧೋಳಕ್ಕೆ ಸಮೀಪದ ನಮ್ಮ ಹಿರಿಯರ ಹಳ್ಳಿಗೆ ಹಿಂದಿರುಗಿ, ಸರಪಳಿಯ ಬದಲು ನಾಯಿಯ ಹಗ್ಗವನ್ನು ಕೈಯಲ್ಲಿ ಹಿಡಿದ ಮೇಲೆಯೇ ಹೊಲವು ಹೊಲವಾಗಿ ನನಗೆ ಕಂಡಿತು.

ಮುಧೋಳವೆಂದರೆ ಕವಿಚಕ್ರವರ್ತಿ ರನ್ನನ ಊರು. ಜನಸಾಮಾನ್ಯರ ಬಾಯಲ್ಲಿ ಆ ಊರಿನ ಹೆಸರು ಇಂದು ಕವಿಗಿಂತ ಹೆಚ್ಚಾಗಿ ನಾಯಿಗೆ ಅಂಟಿಕೊಂಡಿದೆ. ಎತ್ತರವಾದ ಸಣ್ಣ ಕಾಲುಗಳು, ಆಳವಾದ ಎದೆ, ಮೇಲಕ್ಕೆ ಸೆಳೆದುಕೊಂಡಂತಿರುವ ಹೊಟ್ಟೆ, ನೀಳವಾದ ಮೂತಿ, ಮೈಗೆ ಒತ್ತಿದ ಗಿಡ್ಡ ಕೂದಲು: ಇದು ಮುಧೋಳದ ನಾಯಿಯ ರೂಪ. ಭುಜದ ಬಳಿ ಅಳೆದರೆ ಎರಡು ಅಡಿಗೆ ಮಿಗಿಲು. ಕಾರವಾನಿ ಎಂಬ ಹೆಸರೂ ಇದಕ್ಕುಂಟು. ವರ್ತಕರ ಮತ್ತು ಸೈನಿಕರ ತಂಡಗಳೊಡನೆ ಪಶ್ಚಿಮ ಏಷ್ಯದ ಕಡೆಯಿಂದ ಬಂದ ನಾಯಿಗಳ ಸಂತತಿಯಿದೆಂದು ಬಲ್ಲವರು ಹೇಳುತ್ತಾರೆ. ಬಹುಕಾಲ ಇದನ್ನು ಸಾಕಿದವರು ಕುರುಬರು ಮತ್ತು ಬೇಟೆಯ ಜನ. ಮುಧೋಳ ಸಂಸ್ಥಾನದ ಶ್ರೀಮಂತ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯ ಬೆಲೆಯನ್ನು ಅರಿತು ಪೋಷಿಸಿದರು. ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂಬುದು ಪ್ರಸಿದ್ಧವಾದ ಸಂಗತಿ. ೧೯೪೮ರಲ್ಲಿ ಸಂಸ್ಥಾನವು ವಿಲೀನವಾಯಿತು, ನಾಯಿ ಉಳಿಯಿತು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯವರು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಒಂದು ಸಂಶೋಧನ ಕೇಂದ್ರವೂ ಇದೆ.

ಈ ನಾಯಿಯು ಮೂಗಿಗಿಂತ ಕಣ್ಣನ್ನು ನಂಬುವ ಜಾತಿ. ನೆಲವನ್ನು ಮೂಸುತ್ತ ಜಾಡು ಹಿಡಿಯುವ ನಾಯಿಯಂತಲ್ಲ ಇದು. ತಲೆಯೆತ್ತಿ ದಿಗಂತವನ್ನು ನೋಡುತ್ತದೆ. ಅರ್ಧ ಮೈಲಿಯಾಚೆ ಏನಾದರೂ ಅಲುಗಿದರೆ ಮನುಷ್ಯನಿಗಿಂತ ಮೊದಲು ಅದಕ್ಕೆ ತಿಳಿಯುತ್ತದೆ. ಕಂಡದ್ದನ್ನು ಅಟ್ಟಬೇಕೆಂಬುದು ಅದರ ರಕ್ತದಲ್ಲಿರುವ ಆಜ್ಞೆ.

ಈ ಆಜ್ಞೆಯನ್ನು ನಮ್ಮ ಪೂರ್ವಿಕರು ಬಹುವಾಗಿ ಗೌರವಿಸಿದರು. ಮದ್ದೂರು ಸೀಮೆಯ ಆತಕೂರಿನ ಶಿಲಾಶಾಸನವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆ ಕಲ್ಲನ್ನು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕ್ರಿ. ಶ. ೯೪೯-೫೦ರ ಬರಹವದು. ಮಣಲೇರನೆಂಬ ವೀರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿ, ಬೇಡಿದ್ದನ್ನು ಕೊಡುವೆನೆಂದು ಒಡೆಯನು ಹೇಳಿದಾಗ, ಆತನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯು ಮುಂದೆ ಒಂದು ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ರನ್ನನು ಹುಟ್ಟಿದ್ದೂ ಅದೇ ಸೌಮ್ಯ ಸಂವತ್ಸರದಲ್ಲೆಂದು ಪಂಡಿತರು ಹೇಳುತ್ತಾರೆ. ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ನಾಯಿಗೆ ಇದ್ದ ಮರ್ಯಾದೆ ಅಷ್ಟು.

ಈಗ ಕಾಲ ಬೇರೆಯಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೊಲ್ಲುವುದನ್ನು ಮಾತ್ರವಲ್ಲ, ಅಟ್ಟಿಸಿಕೊಂಡು ಹೋಗುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ನಮ್ಮ ಬಯಲಿನ ಮೊಲಕ್ಕೂ ಚಿಗರಿಗೂ ಅದರ ಆಶ್ರಯವಿದೆ. ಇದು ನ್ಯಾಯವೇ ಸರಿ. ಬಯಲು ಕಿರಿದಾಗಿದೆ, ಮೃಗಗಳು ವಿರಳವಾಗಿವೆ. ಆದರೆ ನಾಯಿಯ ರಕ್ತವು ಕಾಯಿದೆಯನ್ನು ಓದಿಲ್ಲ. ಆದುದರಿಂದ ಓದಿದವನು ಹಗ್ಗವನ್ನು ಹಿಡಿದಿರಬೇಕು. ಈ ಜಾತಿಯ ನಾಯಿಗೆ ತಲೆ ಸಣ್ಣದು, ಕೊರಳು ದಪ್ಪ. ಸಾಮಾನ್ಯವಾದ ಪಟ್ಟಿಯು ಸುಲಭವಾಗಿ ಕಳಚಿಕೊಳ್ಳುತ್ತದೆ. ಅಗಲವಾದ ಪಟ್ಟಿಯನ್ನು ಕಿವಿಯ ಹಿಂದಕ್ಕೆ ಹೊಂದುವಂತೆ ಕಟ್ಟಬೇಕು. ಓಡುವ ಹಂಬಲವನ್ನು ಬೇಲಿ ಹಾಕಿದ ಜಾಗದಲ್ಲಿ ತೀರಿಸಿ, ತೆರೆದ ಹೊಲದಲ್ಲಿ ನಡಿಗೆಯನ್ನು ಕಲಿಸಬೇಕು.

ಇನ್ನು ಬೇಸಿಗೆಯ ಮಾತು. ನಮ್ಮ ಕಡೆ ಚೈತ್ರ ವೈಶಾಖಗಳಲ್ಲಿ ಹಗಲಿನ ಉಷ್ಣ ೪೦ ಡಿಗ್ರಿಯ ಆಚೀಚೆ ಏರುತ್ತದೆ. ಮನುಷ್ಯನ ಮೈಯೆಲ್ಲ ಬೆವರುತ್ತದೆ; ನಾಯಿಗೆ ಬೆವರುವುದು ಅಂಗಾಲಿನಲ್ಲಿ ಮಾತ್ರ. ನಾಲಗೆಯನ್ನು ಹೊರಚಾಚಿ ಏದುಸಿರು ಬಿಟ್ಟೇ ಅದು ಒಳಗಿನ ಕಾವನ್ನು ಕಳೆದುಕೊಳ್ಳಬೇಕು. ಅದರ ಸಹಜವಾದ ಮೈಶಾಖ ೩೮ರಿಂದ ೩೯ ಡಿಗ್ರಿ. ೪೧ನ್ನು ದಾಟಿತೆಂದರೆ ಪ್ರಾಣಕ್ಕೆ ಅಪಾಯ. ಆದುದರಿಂದ ಸೂರ್ಯೋದಯಕ್ಕೆ ಮೊದಲೇ ಮನೆಯನ್ನು ಬಿಡಬೇಕು. ಬಿಸಿಲು ಬಲಿಯುವ ಮುನ್ನ, ಏಳೂವರೆಯೊಳಗೆ, ಹಿಂದಿರುಗಬೇಕು. ಹೊರಡುವ ಮುಂಚೆ ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ನೋಡಿ. ನಿಮ್ಮ ಕೈ ತಾಳದ ಬಿಸಿಯನ್ನು ಅದರ ಅಂಗಾಲೂ ತಾಳದು. ನೀರನ್ನು ಜೊತೆಯಲ್ಲಿ ಒಯ್ದು ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಬಳಲಿದಂತೆ ಕಂಡರೆ ನೆರಳಿಗೆ ಕರೆದು ಹೊಟ್ಟೆಯನ್ನೂ ಪಾದಗಳನ್ನೂ ನೆನೆಸಬೇಕು. ಮನೆಗೆ ಬಂದ ಮೇಲೆ ಬೆರಳ ಸಂದುಗಳಲ್ಲಿ ನೆಗ್ಗಿಲುಮುಳ್ಳು, ಕಿವಿಯಲ್ಲಿ ಒಣಹುಲ್ಲಿನ ತೆನೆ, ಕಂಕುಳಲ್ಲಿ ಉಣ್ಣೆ, ಇವುಗಳನ್ನು ಹುಡುಕಿ ತೆಗೆಯಬೇಕು. ಹುಚ್ಚುನಾಯಿ ರೋಗಕ್ಕೆ ತಡೆಯಾಗಿ ಕಾಲಕಾಲಕ್ಕೆ ಚುಚ್ಚುಮದ್ದು ಹಾಕಿಸುವುದನ್ನು ಮರೆಯಲೇಬಾರದು. ಇಷ್ಟಾದ ಹೊತ್ತಿಗೆ ಆ ಭಯಂಕರವಾದ ಹತ್ತು ಗಂಟೆ ತಾನಾಗಿ ಕಳೆದಿರುತ್ತದೆ!

ಬೇಸಿಗೆಯ ಹೊಲದಲ್ಲಿ ನೋಡುವುದಕ್ಕೆ ಏನಿದೆ, ಬರಿಯ ಬಯಲಲ್ಲವೆ, ಎಂದು ಪಟ್ಟಣವಾಸಿಗಳು ಕೇಳುವುದುಂಟು. ಬಿಳಿಜೋಳದ ಸುಗ್ಗಿ ಮುಗಿದು ಕೂಳೆ ಮಾತ್ರ ಉಳಿದಿರುತ್ತದೆ. ಎರೆಭೂಮಿಯು ಅಂಗೈ ತೂರುವಷ್ಟು ಬಿರಿದಿರುತ್ತದೆ. ಆದರೆ ಬೆಳೆಯ ಮರೆ ಹೋದಾಗಲೇ ನೆಲದ ನಿಜವಾದ ಆಕಾರ ತೋರುವುದು: ಎಲ್ಲಿ ಇಳಿಜಾರು, ಎಲ್ಲಿ ಹಳ್ಳದ ಹಳೆಯ ದಾರಿ, ಯಾವ ಬದುವಿನ ಮೇಲೆ ಬನ್ನಿಯಿದೆ, ಯಾವುದರ ಮೇಲೆ ಜಾಲಿಯಿದೆ. ಬೇವಿನ ಹೂವಿನ ಕಂಪು ತಂಪು ಗಾಳಿಯಲ್ಲಿ ಬರುತ್ತದೆ. ಬಯಲಿನಲ್ಲಿ ಟಿಟ್ಟಿಭವು ಬರಿನೆಲದ ಮೇಲೆಯೇ ಮೊಟ್ಟೆಯಿಟ್ಟಿರುತ್ತದೆ. ನಾವು ಹತ್ತಿರ ಹೋದರೆ ತಲೆಯ ಮೇಲೆ ಸುತ್ತಿ ಸುತ್ತಿ ಕೂಗುತ್ತದೆ. ಬಿಸಿಲೇರಿದಾಗ ಈ ಹಕ್ಕಿಯು ನೀರಿಗೆ ಹೋಗಿ ಎದೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುತ್ತದೆ. ನಾಯಿಯ ಹೊಟ್ಟೆಗೆ ನೀರು ಚಿಮುಕಿಸುವಾಗ ನನಗೆ ಆ ಹಕ್ಕಿಯ ಜಾಣ್ಮೆ ನೆನಪಾಗುತ್ತದೆ. ನಾನು ಅಳೆದ ನಕ್ಷೆಗಳಲ್ಲಿ ಇವುಗಳಲ್ಲೊಂದಕ್ಕೂ ಗುರುತಿರಲಿಲ್ಲ.

ನನ್ನ ಬಳಿ ಇರುವವು ಎರಡು ನಾಯಿಗಳು. ತುಂಗಿಗೆ ಹನ್ನೊಂದು ವರ್ಷ, ಬಾಣನಿಗೆ ಮೂರು. ಕಳೆದ ಚೈತ್ರದಲ್ಲಿ ಒಂದು ಮುಂಜಾನೆ ಕೂಳೆಯ ನಡುವಿನಿಂದ ಮೊಲವೊಂದು ಚಿಮ್ಮಿತು. ಬಾಣನು ಹಗ್ಗವನ್ನು ಸೆಳೆದ ರಭಸಕ್ಕೆ ನಾನು ಮೊಣಕಾಲೂರಿದೆ. ಅದರ ಮೈಯೆಲ್ಲ ತಂತಿಯಂತೆ ಬಿಗಿದು ನಡುಗುತ್ತಿತ್ತು. ತುಂಗಿಯೂ ಮೊಲವನ್ನು ಕಂಡಿತ್ತು. ಅದು ಹಗ್ಗವನ್ನು ಎಳೆಯಲಿಲ್ಲ. ಮೊಲವು ಬದುವನ್ನು ಹತ್ತಿ ಮರೆಯಾಗುವವರೆಗೂ ತಲೆಯೆತ್ತಿ ನೋಡಿ, ಆಮೇಲೆ ಒಂದು ನಿಟ್ಟುಸಿರು ಬಿಟ್ಟು ಮುಂದಕ್ಕೆ ಹೆಜ್ಜೆ ಹಾಕಿತು. ಆಸೆ ಹೋಗಿರಲಿಲ್ಲ, ಕಣ್ಣಿನಲ್ಲಿಯೇ ಇತ್ತು. ಆದರೆ ಅದು ಆಸೆಯ ಹಿಂದೆ ಓಡಲಿಲ್ಲ. ಇದನ್ನು ಅಶಕ್ತಿಯೆನ್ನುವಿರಾ, ಶಾಂತಿಯೆನ್ನುವಿರಾ? ವಯಸ್ಸಾದವರಿಗೆ ಈ ಎರಡರ ನಡುವಣ ಬದುವನ್ನು ಗುರುತಿಸುವುದು ಯಾವ ಸರಪಳಿಯಿಂದಲೂ ಸಾಧ್ಯವಿಲ್ಲ.

ದಾರಿಯಲ್ಲಿ ಕುರಿ ಕಾಯುವ ಒಬ್ಬ ತರುಣನು ಆಗಾಗ ಸಿಕ್ಕುವನು. ಒಂದು ದಿನ ಕೇಳಿದನು: "ಏನ್ರಿ ಯಜಮಾನ್ರ, ನೀವು ನಾಯಿ ಮೇಸಾಕ ಹೊಂಟೀರೋ, ನಾಯಿ ನಿಮ್ಮನ್ನ ಮೇಸಾಕ ಹೊಂಟೈತೋ?"

"ಎರಡೂ ಖರೆ ನೋಡಪಾ" ಎಂದೆ. ಅವನು ನಕ್ಕು, ಬಾಣನ ಬೆನ್ನನ್ನು ತಟ್ಟಿದನು. ಅಂದಿನಿಂದ ಅವನಿಗೂ ಬಾಣನಿಗೂ ಸ್ನೇಹ ಬೆಳೆದಿದೆ.

ಪಟ್ಟಣದ ಬಂಧುಗಳಿಗೆ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಪ್ರತಿಷ್ಠೆಗಾಗಿ ಈ ನಾಯಿಯನ್ನು ಕೊಂಡು ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕುವವರುಂಟು. ದೊಡ್ಡದಾಗಿ ಬೆಳೆದು ಬೇಸರವಾದಾಗ ಊರಾಚೆ ಬಿಟ್ಟುಬರುವವರೂ ಉಂಟು. ಮಹಾಪ್ರಸ್ಥಾನದಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನೇರಲು ಒಪ್ಪಲಿಲ್ಲವೆಂದು ಕೇಳಿ ತಲೆದೂಗುವ ನಾವು, ಮನೆ ಬದಲಾಯಿಸುವಷ್ಟರ ಕಾರಣಕ್ಕೆ ಅದನ್ನು ಬಿಡುವುದು ಯಾವ ಧರ್ಮ? ಮರಿಯೊಂದನ್ನು ತರುವುದೆಂದರೆ ಹತ್ತು ಹನ್ನೆರಡು ವರ್ಷಗಳ ಮಾತು ಕೊಟ್ಟಂತೆ. ಅರವತ್ತು ದಾಟಿದವನು ಆ ಮಾತು ಕೊಡುವ ಮೊದಲು ತನ್ನ ಲೆಕ್ಕವನ್ನೂ ಹಾಕಿ ನೋಡಬೇಕು. ನನಗೀಗ ಎಪ್ಪತ್ತೊಂದು. ಬಾಣನು ನನಗಿಂತ ಹೆಚ್ಚು ಕಾಲ ಬಾಳಬಹುದು. ಆದುದರಿಂದ ನಾನಿಲ್ಲದ ದಿನ ಅದರ ಹಗ್ಗ ಯಾರ ಕೈಗೆ ಹೋಗಬೇಕೆಂಬುದನ್ನು ಆ ಕುರುಬರ ತರುಣನೊಡನೆ ಮಾತಾಡಿ ನಿಶ್ಚಯಿಸಿದ್ದೇನೆ. ನನ್ನ ಮಕ್ಕಳಿಗೂ ತಿಳಿಸಿದ್ದೇನೆ. ಹೊಲಮನೆಗಳ ಪಾಲುಪತ್ರವನ್ನು ಬರೆಯಿಸುವಷ್ಟೇ ಇದು ಅವಶ್ಯವಾದ ಕೆಲಸವೆಂದು ನಾನು ತಿಳಿದಿದ್ದೇನೆ.

ಈ ಬೇಸಿಗೆಯಲ್ಲಿ ನಮ್ಮ ನಡಿಗೆ ಮೊಟಕಾಗಿದೆ. ಮೊದಲು ಹಳ್ಳವನ್ನು ದಾಟಿ ಹೋಗುತ್ತಿದ್ದ ತುಂಗಿ ಈಗ ದೊಡ್ಡ ಹುಣಸೆಯ ಮರದವರೆಗೆ ಬಂದು ನಿಲ್ಲುತ್ತದೆ. ಬಾಣನು ಮೊದಮೊದಲು ಚಡಪಡಿಸುತ್ತಿತ್ತು. ಈಗ ಅದೂ ಮರದಡಿಯಲ್ಲಿ ಮಲಗಿ ಕಾಯುವುದನ್ನು ಕಲಿತಿದೆ. ಜೊತೆಯಾಗಿ ನಡೆಯುವವರಲ್ಲಿ ಎಲ್ಲರಿಗಿಂತ ನಿಧಾನವಾದವರ ಹೆಜ್ಜೆಯೇ ಉಳಿದವರಿಗೆ ಅಳತೆ. ಆಯುಷ್ಯವೆಲ್ಲ ಅಳೆದವನಿಗೆ ಈ ಅಳತೆ ದೊರೆತದ್ದು ಕಡೆಗಾಲದಲ್ಲಿ. ನಿಮ್ಮ ಮನೆಯಲ್ಲಿಯೂ ಹಾಗೆ ನಿಧಾನವಾಗಿ ನಡೆಯುವವರು, ಅವರು ಮನುಷ್ಯರಾಗಲಿ, ಮೂಕಪ್ರಾಣಿಯಾಗಲಿ, ಯಾರಾದರೂ ಇದ್ದರೆ, ನಾಳೆ ಬಿಸಿಲೇರುವ ಮೊದಲು ಅವರೊಡನೆ ಸ್ವಲ್ಪ ದೂರ ಹೋಗಿಬನ್ನಿ.