ಕ್ಯೂಆರ್ ಕೋಡ್: ತಯಾರಿಸುವ ಮುನ್ನ, ಅಂಟಿಸಿದ ಮೇಲೆ



ಮುನಿರಾಬಾದಿನ ಚಹಾದಂಗಡಿಯಿಂದ ಹುಲಿಗಿ ಜಾತ್ರೆಯ ಬಳೆ ಅಂಗಡಿಯವರೆಗೆ ಇಂದು ಕಪ್ಪು-ಬಿಳುಪಿನ ಆ ಚೌಕ ಕಾಣದ ಜಾಗವಿಲ್ಲ. ನಿಮ್ಮ ಪಠ್ಯಪುಸ್ತಕದಲ್ಲೂ ಇದೆ. ಸ್ಕ್ಯಾನ್ ಮಾಡಲು ಎಲ್ಲರಿಗೂ ಬರುತ್ತದೆ. ತಯಾರಿಸುವುದನ್ನು ಮಾತ್ರ ಬಲ್ಲವರ ಕೆಲಸವೆಂದು ಬಿಟ್ಟುಬಿಟ್ಟಿದ್ದೇವೆ. ಅದೂ ಒಂದು ಲಿಪಿಯೇ. ಏನು ಬರೆದಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತುವ ಕಾಲ ಮುಗಿಯಿತೆಂದು ಹೇಳಿಕೊಳ್ಳುವ ನಾವು ಇದನ್ನೂ ಕಲಿಯಬೇಡವೇ?

ಜಪಾನಿನ ಡೆನ್ಸೋ ವೇವ್ ಕಂಪನಿಯ ಮಸಾಹಿರೊ ಹಾರಾ ಮತ್ತು ಸಂಗಡಿಗರು 1994ರಲ್ಲಿ ವಾಹನದ ಬಿಡಿಭಾಗಗಳ ಲೆಕ್ಕಕ್ಕಾಗಿ ಇದನ್ನು ರೂಪಿಸಿದರು. ಪೇಟೆಂಟ್ ಇದ್ದರೂ ಕಂಪನಿ ಬಳಕೆಗೆ ಶುಲ್ಕ ಕೇಳಲಿಲ್ಲ. ಆದ್ದರಿಂದ ಕೋಡ್ ತಯಾರಿಸಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಮೊಬೈಲಿನ ಕ್ರೋಮ್ ಬ್ರೌಸರಿನಲ್ಲಿ ಪುಟ ತೆರೆದು 'ಶೇರ್' ಒತ್ತಿದರೆ ಕ್ಯೂಆರ್ ಆಯ್ಕೆ ಸಿಗುತ್ತದೆ. ನಿಮ್ಮ ಯುಪಿಐ ಆ್ಯಪ್ ನಿಮ್ಮ ಕೋಡನ್ನು ತಾನೇ ಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೋಡುಗಳಲ್ಲಿ ಎರಡು ಬಗೆ. ಸ್ಥಿರ ಕೋಡಿನಲ್ಲಿ ನೀವು ಕೊಟ್ಟ ವಿಳಾಸವೇ ಚೌಕಗಳಾಗಿ ಕುಳಿತಿರುತ್ತದೆ, ಅದಕ್ಕೆ ಅವಧಿಯಿಲ್ಲ. ಇನ್ನೊಂದರಲ್ಲಿ ಕೋಡ್ ಮಾಡಿಕೊಟ್ಟ ಕಂಪನಿಯ ವಿಳಾಸವಿರುತ್ತದೆ. ಸ್ಕ್ಯಾನ್ ಮಾಡಿದವರು ಮೊದಲು ಅಲ್ಲಿಗೆ ಹೋಗಿ ನಂತರ ನಿಮ್ಮಲ್ಲಿಗೆ ಬರುತ್ತಾರೆ. ಮುಂದೆ ವಿಳಾಸ ಬದಲಿಸಬಹುದು ಎಂಬ ಅನುಕೂಲವೇನೋ ಉಂಟು. ಆದರೆ 'ಉಚಿತ' ಅವಧಿ ಮುಗಿದು ಚಂದಾ ಕಟ್ಟದಿದ್ದರೆ ಅದು ನಿಂತುಹೋಗಬಹುದು. ವಿದ್ಯಾರ್ಥಿವೇತನದ ಕರಪತ್ರ ಸಾವಿರ ಪ್ರತಿ ಹಂಚಿದ ಮೇಲೆ ಹೀಗಾದರೆ ಅರ್ಜಿ ತಪ್ಪುವುದು ಬಡ ಮಗುವಿನದು. ಕರಪತ್ರಕ್ಕೆ ಸ್ಥಿರ ಕೋಡೇ ಸಾಕು.

ಉರ್ದು, ಕನ್ನಡ ಎರಡನ್ನೂ ಕಲಿಸುವ ನನಗೆ ಒಂದು ಸಂಗತಿ ಬಹಳ ಹಿಡಿಸಿತು. 'ಮುನಿರಾಬಾದ್' ಎಂದು ಇಂಗ್ಲಿಷಿನಲ್ಲಿ ಬರೆದರೆ 9 ಬೈಟ್, ಉರ್ದುವಿನಲ್ಲಿ 16, ಕನ್ನಡದಲ್ಲಿ 30. ನಮ್ಮಲ್ಲಿ ಕಾಗುಣಿತದ ಚಿಹ್ನೆಗೂ ಪ್ರತ್ಯೇಕವಾಗಿ 3 ಬೈಟ್ ಬೇಕು! ಬರಹ ಹೆಚ್ಚಿದಷ್ಟೂ ಚೌಕಗಳು ಕಿರಿದಾಗಿ ಒತ್ತೊತ್ತಾಗುತ್ತವೆ, ಹಳೆಯ ಮೊಬೈಲು ಓದಲಾರದು. ಆದ್ದರಿಂದ ಉದ್ದದ ಕನ್ನಡ ಬರಹವನ್ನು ಕೋಡಿಗೆ ತುಂಬಬೇಡಿ. ಪುಟದಲ್ಲಿ ಬರೆದು, ಅದರ ಚಿಕ್ಕ ವಿಳಾಸವನ್ನು ಮಾತ್ರ ಕೊಡಿ.

ಅಂದ ಹೆಚ್ಚಿಸುವವರು ತಿಳಿ ಹಿನ್ನೆಲೆಯ ಮೇಲೆ ಗಾಢ ಬಣ್ಣ ಬಳಸಲಿ. ಸುತ್ತಲೂ ನಾಲ್ಕು ಚೌಕದಷ್ಟು ಖಾಲಿ ಅಂಚು ಇರಲಿ. ನಡುವೆ ಸಂಸ್ಥೆಯ ಲಾಂಛನ ಇಡುವುದಾದರೆ 'ಎಚ್' ಮಟ್ಟ ಆರಿಸಿ. ಅದರಲ್ಲಿ ಸುಮಾರು ಶೇ. 30ರಷ್ಟು ಅಳಿಸಿದರೂ ಮಾಹಿತಿ ಉಳಿಯುತ್ತದೆ. ಮೂರು ಮೂಲೆಯ ದೊಡ್ಡ ಚೌಕಗಳನ್ನು ಮಾತ್ರ ಮುಟ್ಟಬೇಡಿ. ಅಚ್ಚಿಗೆ ಕೊಡುವ ಮುನ್ನ ನಾಲ್ಕಾರು ಮೊಬೈಲಿನಲ್ಲಿ ನೋಡಿ.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು. 2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಬೆಂಗಳೂರಿನ ಹಲವು ಅಂಗಡಿಯವರು ಕೋಡನ್ನೇ ಕಿತ್ತು 'ನಗದು ಮಾತ್ರ' ಎಂದು ಬರೆದರು. ಅದು ಪರಿಹಾರವಲ್ಲ. ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಇರಲಿ. ತಂಗಿಯ ಮದುವೆಗೆ ಬಂದ ಕೈಸಾಲವೂ ವ್ಯಾಪಾರದ ಲೆಕ್ಕದಲ್ಲಿ ಬೆರೆತರೆ ನೋಟಿಸಿಗೆ ಉತ್ತರ ಕೊಡುವುದು ಕಷ್ಟ.

ವಿದ್ಯಾರ್ಥಿಗಳೇ, ಮನೆಯ ಅಮ್ಮಿ-ಅಬ್ಬಾರಿಗೆ ಇದನ್ನು ಇಂದೇ ತಿಳಿಸಿ: ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. 'ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ' ಎನ್ನುವವನು ನಿಮ್ಮ ಖಾತೆಗೇ ಕೈಹಾಕುತ್ತಿದ್ದಾನೆ.

ಇನ್ನು ಝಕಾತ್, ಚಂದಾಕ್ಕಾಗಿ ಅಂಟಿಸಿದ ಕೋಡುಗಳು. ಅದರ ಮೇಲೆ ಬೇರೊಂದು ಚೀಟಿ ಅಂಟಿಸಲು ಕ್ಷಣ ಸಾಕು. ನೋಡಲು ಎರಡೂ ಒಂದೇ. ಪ್ರತಿ ಜುಮಾ ದಿನ ಜವಾಬ್ದಾರರೊಬ್ಬರು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಸಂಸ್ಥೆಯ ಹೆಸರೇ ಬರುತ್ತದೆಯೇ ಎಂದು ನೋಡಲಿ. ಕೋಡಿನ ಕೆಳಗೆ ಆ ಹೆಸರನ್ನು ಕನ್ನಡ, ಉರ್ದು ಎರಡರಲ್ಲೂ ದಪ್ಪ ಅಕ್ಷರದಲ್ಲಿ ಬರೆಸೋಣ. ಕೊಡುವವರೂ ಹೋಲಿಸಿ ನೋಡುತ್ತಾರೆ.