ಲಿನಕ್ಸ್ ಗಣಕಯಂತ್ರಕ್ಕೆ ಆಂಟಿವೈರಸ್ ಬೇಕೇ?

(ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಕುಡಿಯುವ ನೀರು, ಬೀದಿ ದೀಪ, ಚರಂಡಿ, ಕಾಮಗಾರಿ ಬಿಲ್ಲುಗಳೆಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಒಂದು ಸಣ್ಣ ಖರ್ಚು ಕಾಣಿಸಿಕೊಳ್ಳುವುದುಂಟು: ಕಚೇರಿಯ ಗಣಕಯಂತ್ರಗಳಿಗೆ ಆಂಟಿವೈರಸ್ ತಂತ್ರಾಂಶದ ವಾರ್ಷಿಕ ನವೀಕರಣ. ಅಷ್ಟು ಹೊತ್ತಿಗೆ ಊಟದ ಸಮಯ ಮೀರಿರುತ್ತದೆ. ವಿಷಯವು ಚರ್ಚೆಯಿಲ್ಲದೆ ಅಂಗೀಕಾರವಾಗುತ್ತದೆ. ಆ ಯಂತ್ರಗಳಲ್ಲಿ ಒಂದೆರಡು ಲಿನಕ್ಸ್ ಮೇಲೆ ನಡೆಯುತ್ತಿದ್ದರೆ ಅವುಗಳಿಗೂ ಈ ಖರ್ಚು ಅಗತ್ಯವೇ ಎಂದು ಯಾರಾದರೂ ಕೇಳಿದಲ್ಲಿ ಎರಡು ಉತ್ತರಗಳು ದೊರೆಯುತ್ತವೆ. ಯಾವ ಯಂತ್ರವಾದರೂ ಆಂಟಿವೈರಸ್ ಇಲ್ಲದೆ ಉಳಿಯದು ಎನ್ನುತ್ತಾನೆ ಮಾರಾಟಗಾರ. ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲ ಎನ್ನುತ್ತಾನೆ ಊರಿನಲ್ಲಿ ಕಂಪ್ಯೂಟರ್ ಕಲಿತ ಹುಡುಗ. ಮೊದಲನೆಯ ಮಾತನ್ನು ನಂಬಿದರೆ ಪಂಚಾಯತಿಯ ಹಣ ಹೋಗುತ್ತದೆ. ಎರಡನೆಯದನ್ನು ನಂಬಿದರೆ ಅದಕ್ಕಿಂತ ಹೆಚ್ಚಿನದು ಹೋಗಬಹುದು.

ಹೆಚ್ಚಿನದು ಎಂದರೆ ಏನು? ಇ-ಸ್ವತ್ತಿನ ನಮೂನೆ 9 ಮತ್ತು 11, ಪಂಚತಂತ್ರದ ಲೆಕ್ಕ, ಉದ್ಯೋಗ ಖಾತ್ರಿಯ ಕೂಲಿ ಪಾವತಿ ಮುಂತಾದವುಗಳ ಮೂಲ ದತ್ತಾಂಶವು ಸರ್ಕಾರದ ಸರ್ವರ್‌ಗಳಲ್ಲಿರುತ್ತದೆ. ಕಚೇರಿಯ ಯಂತ್ರ ಕೆಟ್ಟರೂ ಅದು ಉಳಿಯುತ್ತದೆ. ಆದರೆ ಆ ಸರ್ವರ್‌ನ ಬಾಗಿಲು ತೆರೆಯುವ ಬಳಕೆದಾರರ ಹೆಸರು, ಪಾಸ್‌ವರ್ಡ್ ಹಾಗೂ ಡಿಜಿಟಲ್ ಸಹಿಯ ಟೋಕನ್ ಬಳಕೆಯಾಗುವುದು ಇದೇ ಯಂತ್ರದಲ್ಲಿ. ಒಂದು ಕುಟುಂಬದ ಮನೆಯ ಸ್ವತ್ತು ಯಾರ ಹೆಸರಿನಲ್ಲಿದೆ ಎಂಬುದು ಆ ಸಹಿಯ ಮೇಲೆ ನಿಂತಿದೆ. ಆದ್ದರಿಂದ ಪ್ರಶ್ನೆಯು ಯಂತ್ರದ ಆರೋಗ್ಯಕ್ಕಿಂತ ಆ ಯಂತ್ರದ ಮೂಲಕ ಹಾದುಹೋಗುವ ಅಧಿಕಾರದ ಕುರಿತಾದುದು.

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಇಂದು ಜಗತ್ತಿನ ಸಾವಿರಾರು ಮಂದಿ ಸೇರಿ ಬೆಳೆಸುತ್ತಿರುವ ಮುಕ್ತ ತಂತ್ರಾಂಶ. ವಿಂಡೋಸ್ ಮಾಡುವ ಕೆಲಸವನ್ನೇ ಮಾಡುತ್ತದೆ, ಪರವಾನಗಿ ಶುಲ್ಕವಿಲ್ಲ. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಇದರ ಆಧಾರದ ಮೇಲೆಯೇ ಬಾಸ್ ಎಂಬ ವ್ಯವಸ್ಥೆಯನ್ನು ರೂಪಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ಇತರ ಮಕ್ಕಳಂತೆ ಲಿನಕ್ಸ್ ಯಂತ್ರದಲ್ಲಿಯೇ ಗಣಕ ಪಾಠ ಕಲಿಯುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ, ವಿಂಡೋಸ್ 11ನ್ನು ಒಪ್ಪದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳಲ್ಲಿ ಲಿನಕ್ಸ್ ಅಳವಡಿಸಿ ಅರಿವು ಕೇಂದ್ರಕ್ಕೆ ಕೊಡಬಹುದೇ ಎಂದು ಸದಸ್ಯರು ಕೇಳುವುದು ಸಕಾಲಿಕವಾಗಿದೆ.

ಲಿನಕ್ಸ್ ಯಂತ್ರಕ್ಕೆ ಸಾಮಾನ್ಯ ವೈರಸ್ ಸುಲಭವಾಗಿ ತಗಲದಿರುವುದಕ್ಕೆ ಕಾರಣಗಳಿವೆ. ಕುತಂತ್ರಾಂಶ ಬರೆಯುವವರು ಬಹುಸಂಖ್ಯೆಯ ಮೇಜಿನ ಗಣಕಗಳಲ್ಲಿರುವ ವಿಂಡೋಸ್‌ಗೆಂದೇ ಬರೆಯುತ್ತಾರೆ. ಆ ಕಡತವನ್ನು ಲಿನಕ್ಸ್ ತಾನಾಗಿ ನಡೆಸಲಾರದು. ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಮಾರ್ಪಡುವ ಕಾಟವನ್ನು ಪ್ರತಿಯೊಬ್ಬ ಡಾಟಾ ಎಂಟ್ರಿ ಆಪರೇಟರ್ ಬಲ್ಲರು. ಅದೇ ಪೆನ್ ಡ್ರೈವ್ ಲಿನಕ್ಸ್ ಯಂತ್ರಕ್ಕೆ ಹಾಕಿದರೆ ಆ ವೈರಸ್ ಒಂದು ನಿರ್ಜೀವ ಕಡತವಾಗಿ ಬಿದ್ದಿರುತ್ತದೆ. ಇನ್ನು ಅಂತರಜಾಲದಿಂದ ಇಳಿಸಿಕೊಂಡ ಕಡತಕ್ಕೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ನಡೆಯುವ ಅನುಮತಿ ಇರುವುದಿಲ್ಲ, ಬಳಕೆದಾರನೇ ಕೊಡಬೇಕು. ಇಡೀ ವ್ಯವಸ್ಥೆಯನ್ನು ಬದಲಿಸಬೇಕಾದರೆ ಆಡಳಿತಗಾರನ ಪಾಸ್‌ವರ್ಡ್ ಬೇಕು. ಹೊಸ ತಂತ್ರಾಂಶವೂ ಬಹುಪಾಲು ನಂಬಿಕೆಯ ಒಂದೇ ಉಗ್ರಾಣದಿಂದ ಬರುತ್ತದೆ, ಕಂಡ ಕಂಡ ಜಾಲತಾಣದಿಂದಲ್ಲ.

ಇಷ್ಟಾದರೂ "ವೈರಸ್ಸೇ ಬರುವುದಿಲ್ಲ" ಎಂಬ ಮಾತು ಸುಳ್ಳು. ಅದಕ್ಕೆ ಸಾಕ್ಷಿ ಈ ಸಭಾಂಗಣದಲ್ಲಿಯೇ ಇದೆ. ಸದಸ್ಯರ ಜೇಬಿನಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಡಲಲ್ಲಿ ಇರುವುದು ಲಿನಕ್ಸ್ ತಿರುಳೇ. ಮದುವೆಯ ಆಮಂತ್ರಣವೆಂದೋ ಪಿಎಂ ಕಿಸಾನ್ ಹೆಸರಿನಲ್ಲೋ ವಾಟ್ಸಾಪ್‌ಗೆ ಬರುವ ಎಪಿಕೆ ಕಡತವನ್ನು ಒತ್ತಿ, ಕೇಳಿದ ಅನುಮತಿಗಳಿಗೆಲ್ಲ ಸಮ್ಮತಿಸಿ, ಬ್ಯಾಂಕ್ ಖಾತೆ ಬರಿದಾದವರ ಕಥೆಗಳನ್ನು ತಾವೆಲ್ಲ ಕೇಳಿದ್ದೀರಿ. ಅಲ್ಲಿ ಯಾರೂ ಕೀಲಿ ಮುರಿಯಲಿಲ್ಲ. ಮನೆಯವರೇ ಬಾಗಿಲು ತೆರೆದರು.

ಸರ್ಕಾರಿ ಲಿನಕ್ಸ್ ಯಂತ್ರಗಳ ವಿಷಯದಲ್ಲಿಯೂ ಇದೇ ನಡೆದಿದೆ. 2023ರಲ್ಲಿ, ಸರ್ಕಾರಿ ಇ-ಮೇಲ್‌ಗೆ ಬಳಕೆಯಾಗುತ್ತಿದ್ದ 'ಕವಚ್' ಎಂಬ ದೃಢೀಕರಣ ತಂತ್ರಾಂಶದ ಸೋಗಿನಲ್ಲಿ ಲಿನಕ್ಸ್‌ಗೆಂದೇ ಬರೆದ ಕುತಂತ್ರಾಂಶವನ್ನು ಹರಡಲಾಯಿತು. 2025ರ ಆಗಸ್ಟ್‌ನಲ್ಲಿ ಬಾಸ್ ಯಂತ್ರಗಳನ್ನು ಗುರಿಯಾಗಿಸಿ ಸಭಾ ಪತ್ರದ ಹೆಸರಿನ ಕಡತ ಬಂತು. ನೋಡಲು ಪಿಡಿಎಫ್, ನಿಜದಲ್ಲಿ ಅದು ಆಜ್ಞೆಗಳನ್ನು ನಡೆಸುವ ಒಂದು ಶಾರ್ಟ್‌ಕಟ್. ಒತ್ತಿದಾಗ ಪರದೆಯ ಮೇಲೆ ಒಂದು ಪಿಡಿಎಫ್ ತೆರೆದುಕೊಳ್ಳುತ್ತಿತ್ತು, ಹಿಂದಿನಿಂದ ಕುತಂತ್ರಾಂಶ ಇಳಿಯುತ್ತಿತ್ತು. ಎರಡನ್ನೂ ಭದ್ರತಾ ಸಂಶೋಧಕರು ಪಾಕಿಸ್ತಾನದೊಂದಿಗೆ ನಂಟುಳ್ಳ ಒಂದೇ ತಂಡದ ಕೃತ್ಯವೆಂದು ಗುರುತಿಸಿದರು. ದಿನಕ್ಕೆ ಹತ್ತಾರು ಸಭಾ ಸೂಚನೆಗಳು ಬರುವ ಕಚೇರಿಗೆ ಇದಕ್ಕಿಂತ ಸಹಜವಾದ ಬಲೆ ಬೇರಿಲ್ಲ. ಇಂತಹ ಹೊಸ ಕಡತವು ಹೊರಬಂದ ಮೊದಲ ದಿನಗಳಲ್ಲಿ ಆಂಟಿವೈರಸ್‌ನ ಪಟ್ಟಿಯಲ್ಲಿಯೂ ಇಲ್ಲದಿರಬಹುದು ಎಂಬುದನ್ನು ಮಾರಾಟಗಾರನು ಹೇಳುವುದಿಲ್ಲ.

ಗ್ರಾಮ ಪಂಚಾಯತಿಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಕೇಳುವವರಿದ್ದಾರೆ. ನಮ್ಮ ರಾಜ್ಯದ ಗಡಿಗೆ ಹೊಂದಿದ ವಯನಾಡ್ ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯತಿ ಇದಕ್ಕೆ ಉತ್ತರ. 2017ರ ಮೇ 12ರ ಶುಕ್ರವಾರ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಸೋಮವಾರ ಕಚೇರಿ ತೆರೆದು ಯಂತ್ರ ಚಾಲೂ ಮಾಡಿದಾಗ ಅಲ್ಲಿನ ನಾಲ್ಕು ಗಣಕಗಳ ಕಡತಗಳಿಗೆ ಬೀಗ ಬಿದ್ದಿತ್ತು. ಬಿಡುಗಡೆಗೆ 300 ಡಾಲರ್‌ಗಳನ್ನು ಬಿಟ್‌ಕಾಯಿನ್ ರೂಪದಲ್ಲಿ ಕೊಡಬೇಕು, ಮೂರು ದಿನ ಮೀರಿದರೆ ಮೊತ್ತ ಇಮ್ಮಡಿ ಎಂಬ ಸೂಚನೆ ಪರದೆಯ ಮೇಲಿತ್ತು. ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಪಂಚಾಯತಿಯಲ್ಲಿಯೂ ಅದೇ ದಿನ ಅದೇ ಸ್ಥಿತಿ. ಯಾರೂ ಈ ಪಂಚಾಯತಿಗಳನ್ನು ಆರಿಸಿ ಹೊಡೆದಿರಲಿಲ್ಲ. ಹೊಳೆಗೆ ಮಹಾಪೂರ ಬಂದಾಗ ನೀರು ಯಾರ ಮನೆ ಎಂದು ಕೇಳುವುದಿಲ್ಲವೆಂದು ಕೃಷ್ಣೆ, ಘಟಪ್ರಭೆಯರ ದಂಡೆಯ ಜನರಿಗೆ ಹೇಳಬೇಕಾಗಿಲ್ಲ.

ಆ ದಾಳಿ ಹರಡಿದ್ದು ವಿಂಡೋಸ್‌ನ ಒಂದು ದೋಷದ ಮೂಲಕ. ಲಿನಕ್ಸ್ ಯಂತ್ರಗಳು ಅದಕ್ಕೆ ಸಿಲುಕಲಿಲ್ಲ. ಆದರೆ ಅದರಿಂದ ಲಿನಕ್ಸ್‌ನ ಗುಣಗಾನವನ್ನಷ್ಟೇ ಕಲಿತರೆ ಅರ್ಧ ಪಾಠವಾಯಿತು. ಆ ದೋಷವನ್ನು ಮುಚ್ಚುವ ನವೀಕರಣವನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮೊದಲೇ, ಉಚಿತವಾಗಿ ಕೊಟ್ಟಿತ್ತು. ಅದನ್ನು ಅಳವಡಿಸಿಕೊಂಡಿದ್ದ ಯಂತ್ರಗಳಿಗೆ ಜಾಲದ ಮೂಲಕ ಈ ದಾಳಿ ಹಬ್ಬಲು ದಾರಿಯಿರಲಿಲ್ಲ. ಲಿನಕ್ಸ್‌ಗೂ ನವೀಕರಣಗಳು ನಿರಂತರವಾಗಿ ಬರುತ್ತವೆ. ಅಳವಡಿಸಿದ ದಿನದಿಂದ ಮುಟ್ಟದೆ ಬಿಟ್ಟ ಲಿನಕ್ಸ್ ಯಂತ್ರವು ನವೀಕರಿಸಿದ ವಿಂಡೋಸ್ ಯಂತ್ರಕ್ಕಿಂತ ಅಪಾಯಕಾರಿ.

ಹಾಗಾದರೆ ಲಿನಕ್ಸ್‌ನಲ್ಲಿ ಆಂಟಿವೈರಸ್‌ಗೆ ಕೆಲಸವೇ ಇಲ್ಲವೇ? ಇದೆ, ಆದರೆ ಆ ಕೆಲಸ ಬೇರೆ. ತಾನು ಕಾಯಿಲೆ ಬೀಳದೆ ರೋಗವನ್ನು ಊರೂರಿಗೆ ಒಯ್ಯುವವರಿರುವಂತೆ, ಲಿನಕ್ಸ್ ಯಂತ್ರವು ವಿಂಡೋಸ್ ವೈರಸ್ ಇರುವ ಕಡತವನ್ನು ತನಗೇನೂ ಆಗದೆ ಇಟ್ಟುಕೊಂಡು, ಇ-ಮೇಲ್ ಅಥವಾ ಪೆನ್ ಡ್ರೈವ್ ಮೂಲಕ ತಾಲ್ಲೂಕು ಪಂಚಾಯತಿಯ ಯಂತ್ರಕ್ಕೆ ಕಳುಹಿಸಬಲ್ಲದು. ಹೊರಗಿನ ಪೆನ್ ಡ್ರೈವ್‌ಗಳು ಬಂದು ಹೋಗುವ ಯಂತ್ರದಲ್ಲಿ ಕ್ಲಾಮ್‌ಎವಿ ಎಂಬ ಉಚಿತ ತಂತ್ರಾಂಶವನ್ನು ಇಟ್ಟು ಅವುಗಳನ್ನು ತಪಾಸಣೆ ಮಾಡುವುದು ನೆರೆಯವರಿಗೆ ಮಾಡುವ ಉಪಕಾರ. ಇದಕ್ಕೆ ಬಿಲ್ಲು ಬೇಕಾಗಿಲ್ಲ. ಅದು ಮೆಮೊರಿಯನ್ನು ಗಣನೀಯವಾಗಿ ಬಳಸುವುದರಿಂದ ತೀರ ಹಳೆಯ ಯಂತ್ರದಲ್ಲಿ ಸದಾ ಓಡಿಸದೆ ಬೇಕಾದಾಗ ಮಾತ್ರ ನಡೆಸುವುದು ಲೇಸು. 2023ರ ಫೆಬ್ರವರಿಯಲ್ಲಿ ಈ ಕ್ಲಾಮ್‌ಎವಿಯಲ್ಲಿಯೇ ಗಂಭೀರ ದೋಷವೊಂದು ಪತ್ತೆಯಾಗಿ ಸರಿಪಡಿಸಲ್ಪಟ್ಟಿತು; ಕಾವಲುಗಾರನಿಗೂ ನವೀಕರಣ ತಪ್ಪದು. ಇನ್ನು "ಕ್ರ್ಯಾಕ್" ಮಾಡಿದ ಆಂಟಿವೈರಸ್‌ನ್ನು ಎಲ್ಲಿಂದಲೋ ತಂದು ಹಾಕುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕಚೇರಿಯ ವಿಂಡೋಸ್ ಯಂತ್ರಗಳಿಗೆ ಆಂಟಿವೈರಸ್ ಬೇಕೇ ಬೇಕು. ವಿಂಡೋಸ್ 10 ಮತ್ತು 11ರೊಂದಿಗೆ ಡಿಫೆಂಡರ್ ಸೇರಿಯೇ ಬರುತ್ತದೆ, ಅದನ್ನು ಯಾರೂ ಆರಿಸಿಟ್ಟಿಲ್ಲವೆಂದು ನೋಡಿಕೊಳ್ಳಬೇಕು.

ಪಂಚಾಯತಿಯಲ್ಲಿ ಯಾರೂ ಲಿನಕ್ಸ್ ಎಂದು ಗುರುತಿಸದ ಲಿನಕ್ಸ್ ಯಂತ್ರಗಳೂ ಇವೆ: ಸಿಸಿಟಿವಿ ಪೆಟ್ಟಿಗೆ, ವೈ-ಫೈ ರೌಟರ್. ಇವುಗಳಲ್ಲಿ ಬಹುಪಾಲಿನ ಒಳಗೆ ಇರುವುದು ಅದೇ ತಿರುಳು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಿಂದ ಬಂದ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಲಕ್ಷಾಂತರ ಕ್ಯಾಮೆರಾ ಮತ್ತು ರೌಟರ್‌ಗಳನ್ನು ವಶಪಡಿಸಿಕೊಂಡಿತು. ಆ ಅಕ್ಟೋಬರ್ 21ರಂದು ಅಮೆರಿಕದ ಪ್ರಮುಖ ಜಾಲತಾಣಗಳೇ ತಾಸುಗಟ್ಟಲೆ ಸ್ಥಗಿತಗೊಂಡವು. ಈ ಪೆಟ್ಟಿಗೆಗಳಿಗೆ ಹಾಕುವ ಆಂಟಿವೈರಸ್ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಸಿಟಿವಿ ಬಿಲ್ಲಿಗೆ ಅನುಮೋದನೆ ಕೊಡುವ ಮೊದಲು, ಅಳವಡಿಸಿದವನು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ ಹೊಸದನ್ನು ಲಕೋಟೆಯಲ್ಲಿ ಕೊಟ್ಟಿದ್ದಾನೆಯೇ ಎಂದು ಸದಸ್ಯರು ಕೇಳಬಹುದು. ಕೇಳಿದರೆ ಬಹಳ ಕಡೆ ಉತ್ತರಕ್ಕೆ ತಡಕಾಡುತ್ತಾರೆ.

ಲಿನಕ್ಸ್‌ಗೆ ಬದಲಾಗಲು ಬಯಸುವ ಪಂಚಾಯತಿಗಳು ಎರಡು ವಿಷಯಗಳನ್ನು ಮೊದಲೇ ಪರೀಕ್ಷಿಸಬೇಕು. ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ತಂತ್ರಾಂಶವು ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂಬುದು ಮೊದಲನೆಯದು. ನಡೆಯದಿದ್ದರೆ ಸಹಿಯ ಯಂತ್ರವನ್ನು ವಿಂಡೋಸ್‌ನಲ್ಲಿಯೇ ಉಳಿಸುವುದು ಸರಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಅಕ್ಷರ ಕಲಸಿಹೋಗಿ ಕಾಣುವುದು ಎರಡನೆಯದು. ಹಳೆಯ ನಡವಳಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡ ನಂತರವೇ ಬದಲಾವಣೆ ಮಾಡಬೇಕು.

ಉಳಿದ ಹಣದಲ್ಲಿ ಒಂದು ಹೊರ ಹಾರ್ಡ್ ಡಿಸ್ಕ್ ಖರೀದಿಸಿ, ವಾರಕ್ಕೊಮ್ಮೆ ನಡವಳಿ, ಕ್ರಿಯಾಯೋಜನೆ ಹಾಗೂ ಛಾಯಾಚಿತ್ರಗಳ ಪ್ರತಿ ತೆಗೆದು, ಯಂತ್ರದಿಂದ ಬಿಡಿಸಿ ಕಪಾಟಿನಲ್ಲಿ ಇಡುವುದು ಆಂಟಿವೈರಸ್‌ಗಿಂತ ಹೆಚ್ಚು ಕಾಯುತ್ತದೆ. ಬಿಡಿಸಿ ಎಂಬ ಮಾತು ಮುಖ್ಯ. ಯಂತ್ರಕ್ಕೆ ಸಿಕ್ಕಿಸಿಯೇ ಇಟ್ಟ ಡಿಸ್ಕ್‌ಗೂ ಬೀಗ ಬೀಳುತ್ತದೆ. ಪಾಸ್‌ವರ್ಡನ್ನು ಮಾನಿಟರ್ ಅಂಚಿಗೆ ಅಂಟಿಸುವುದು ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟು ಹೋದಂತೆ. ಡಿಜಿಟಲ್ ಸಹಿಯ ಟೋಕನ್ ಕೂಡ ಸಹಿ ಮಾಡುವ ಹೊತ್ತಿಗೆ ಮಾತ್ರ ಯಂತ್ರದಲ್ಲಿರಬೇಕು, ಉಳಿದ ಹೊತ್ತು ಅಧಿಕಾರಿಯ ಸ್ವಂತ ವಶದಲ್ಲಿರಬೇಕು. ಆಪರೇಟರ್‌ನ ಮೇಜಿನ ಡ್ರಾಯರ್ ಅದರ ಜಾಗವಲ್ಲ.

ಇಷ್ಟಾಗಿಯೂ ಒಂದು ಮುಂಜಾನೆ ಪರದೆಯ ಮೇಲೆ ಹಣದ ಬೇಡಿಕೆ ಕಾಣಿಸಿದರೆ, ಮೊದಲು ಇಂಟರ್‌ನೆಟ್ ಕೇಬಲ್ ಕಿತ್ತು ಆ ಯಂತ್ರವನ್ನು ಉಳಿದವುಗಳಿಂದ ಬೇರ್ಪಡಿಸಬೇಕು. ಹಣ ಕೊಡಬಾರದು. ಯಂತ್ರವನ್ನು ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುವ ಆತುರವೂ ಸಲ್ಲದು, ಸಾಕ್ಷ್ಯ ಅಳಿಯುತ್ತದೆ. ತಾಲ್ಲೂಕು ಪಂಚಾಯತಿಗೆ ತಕ್ಷಣ ಲಿಖಿತವಾಗಿ ತಿಳಿಸಬೇಕು. ಸರ್ಕಾರಿ ಸಂಸ್ಥೆಗಳು ಇಂತಹ ಘಟನೆಯನ್ನು ಅರಿವಿಗೆ ಬಂದ 6 ತಾಸುಗಳೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು.